ಎಂಟೈದ್ಲ ನಲವತ್ತು

ಜನವರಿ 6

ಅಕ್ಕಾ,

ಮೀನಿನ ವ್ಯಾನಿನವನು ಈ ಪೆಟ್ಟಿಗೆ ಇಳಿಸಿದ ಕೂಡಲೇ ಭಾವ "ನಿನ್ನ ತಮ್ಮ ಔಷಧಿ ಅಂಗಡಿ ಇಟ್ನಾ?" ಅಂತ ಕೇಳಿರುತ್ತಾರೆ. ಒಳಗೆ ನಲವತ್ತು ಪುಟ್ಟ ಸೀಸೆಗಳಿವೆ, ಅರ್ಧದವರೆಗೆ ಸ್ಪಿರಿಟ್ ಇದೆ. ಭಾವನ ಕೈಗೆ ಸಿಗದಂತೆ ಇಡು. ಬೆನ್ನುನೋವಿಗೆ ಹಚ್ಚಿಕೊಂಡುಬಿಡುತ್ತಾರೆ.

ಫೋನ್ ಮಾಡಬಾರದಿತ್ತೇ ಅನ್ನಬೇಡ. ಫೋನಿನಲ್ಲಿ ನೀನು ಮಾತಾಡುತ್ತೀಯ, ನಾನು ಹೂಂ ಅನ್ನುತ್ತೇನೆ, ಕೆಲಸದ ಮಾತು ಹಾಗೇ ಉಳಿದುಹೋಗುತ್ತದೆ. ಬರೆದರೆ ಪೂರ್ತಿ ಓದುತ್ತೀಯ.

ಕೆಲಸ ಇಷ್ಟೇ. ಕೊಲ್ಲಿಯ ಆಕ್ಟೋಪಸ್ಸೂ ಹೊರಗಡಲಿನ ಆಕ್ಟೋಪಸ್ಸೂ ಒಂದೇ ಬಳಗವೋ ಬೇರೆ ಬೇರೆಯೋ ಎಂದು ಮೀನುಗಾರಿಕೆ ಇಲಾಖೆಗೆ ತಿಳಿಯಬೇಕಾಗಿದೆ. ಒಂದೇ ಬಳಗವಾದರೆ ಕೊಲ್ಲಿಯಲ್ಲಿ ನೀವು ಹಿಡಿದಷ್ಟೂ ಹೊರಗಿನಿಂದ ಬಂದು ತುಂಬುತ್ತದೆ, ಕಡಲಿಗೆ ಮಡಕೆ ಇಳಿಸಿ ಆಕ್ಟೋಪಸ್ ಹಿಡಿಯುವ ನಿಮ್ಮ ಹನ್ನೊಂದು ದೋಣಿಗಳ ಕಸುಬು ನಡೆಯುತ್ತದೆ. ಬೇರೆಯಾದರೆ ಕೊಲ್ಲಿಯನ್ನು ಮೂರು ವರ್ಷ ಮುಚ್ಚುತ್ತಾರೆ. ಮಾರ್ಚ್ 14ರ ಸಭೆಯಲ್ಲಿ ತೀರ್ಮಾನ. ನನ್ನ ವರದಿ 12ಕ್ಕೆ ನಮ್ಮ ಲ್ಯಾಬಿನ ಮುಖ್ಯಸ್ಥೆ ಮೇಡಂ ಮೇಜಿನ ಮೇಲಿರಬೇಕು.

ನೋಡುವುದು ಹೇಗೆ ಅಂತ ಕೇಳುತ್ತೀಯ. ಪ್ರತಿ ಪ್ರಾಣಿಯ ಡಿಎನ್ಎಯಲ್ಲಿ ಕೆಲವು ಕಡೆ ಒಂದೇ ತುಣುಕು ಮತ್ತೆ ಮತ್ತೆ ಬರುತ್ತದೆ, ತೊದಲುವವರ ಮಾತಿನ ಹಾಗೆ. ಒಂದರಲ್ಲಿ ಹನ್ನೆರಡು ಸಲ, ಇನ್ನೊಂದರಲ್ಲಿ ಹದಿನೇಳು ಸಲ. ಇಂಥ ಹತ್ತು ಗುರುತುಗಳನ್ನು ಎಣಿಸಿದರೆ ಯಾರು ಯಾರ ನೆಂಟರು ಎಂದು ಗೊತ್ತಾಗುತ್ತದೆ. ಎರಡು ಪ್ರಾಣಿಗಳಿಗೆ ಹತ್ತೂ ಗುರುತು ಒಂದೇ ಸಮ ಬರುವುದಿಲ್ಲ. ಹೊರಗಡಲಿನ ನಲವತ್ತು ಸೀಸೆಗಳು ಆಗಲೇ ನನ್ನ ಕೈಯಲ್ಲಿವೆ.

ಒಂದು ಆಕ್ಟೋಪಸ್ಸಿಗೆ ಒಂದು ಸೀಸೆ. ಒಂದು ಕೈಯ ತುದಿ, ಕಿರುಬೆರಳಿನ ಉಗುರಿನಷ್ಟು ಸಾಕು. ಮತ್ತೆ ಬೆಳೆಯುತ್ತದೆ. ಮೊಟ್ಟೆ ಕಾಯುವ ತಾಯಿಯನ್ನು ಮುಟ್ಟಬಾರದು ಎಂದು ಜೊತೆಗಿಟ್ಟಿರುವ ನಮೂನೆಯಲ್ಲಿದೆ, ಅದನ್ನು ನಿನಗೆ ಹೇಳಬೇಕಾಗಿಲ್ಲ. ಹೋದ ಬೇಸಿಗೆಯಲ್ಲಿ ಮೊಟ್ಟೆಯಿದ್ದ ಮಡಕೆಗೆ ಕೆಂಪು ಬಟ್ಟೆ ಕಟ್ಟಿ ಕಡಲಿಗೇ ವಾಪಸ್ ಇಳಿಸಿ, ಬಂದರಿನವರಿಂದ "ಸೂಲಗಿತ್ತಿ" ಅನ್ನಿಸಿಕೊಂಡವಳು ನೀನು.

"ನಿಮ್ಮ ಅಕ್ಕನೇ ಅಲ್ಲಿ ಸಂಘದ ಅಧ್ಯಕ್ಷೆಯಂತೆ, ನಿಮಗೇ ಈ ಕೆಲಸ ಕೊಟ್ರೆ ತೊಂದರೆ ಇಲ್ವಾ?" ಎಂದು ಮೇಡಂ ಕೇಳಿದರು. ಇಲ್ಲ ಅಂದೆ. ಇದು ನಾನೊಬ್ಬನೇ ಮಾಡುತ್ತಿರುವ ಮೊದಲ ಕೆಲಸ ಅಕ್ಕಾ. ಹುದ್ದೆ ಕಾಯಂ ಆಗುವುದೂ ಇದರ ಮೇಲೇ ನಿಂತಿದೆ.

ನಿನ್ನ ಪಂಡಿತ


ಜನವರಿ 30

ಪಂಡಿತನಿಗೆ,

ನಲವತ್ತೂ ತುಂಬಿ ಕಳಿಸಿದ್ದೇನೆ. ಎಣಿಸಿಕೋ. ಎಂಟರ ಮಗ್ಗಿಯನ್ನು ದೋಣಿಯ ಹಲಗೆಯ ಮೇಲೆ ಆಕ್ಟೋಪಸ್ಸಿನ ಕೈಗಳನ್ನು ಹರಡಿಟ್ಟು ನಿನಗೆ ಕಲಿಸಿದವಳು ನಾನು. ಎಂಟೊಂದ್ಲ ಎಂಟು ಅನ್ನುವಷ್ಟರಲ್ಲಿ ಅದು ಜಾರಿ ನಿನ್ನ ಚಡ್ಡಿಯೊಳಗೆ ಹೊಕ್ಕು, ನೀನು ಎಂಟೆರಡ್ಲಕ್ಕೆ ಬರಲು ಒಂದು ವಾರ ಹಿಡಿಯಿತು.

ನಿಮ್ಮ ಇಲಾಖೆಯ ಸಾಹೇಬರು ಸಂಘಕ್ಕೆ ಬಂದಿದ್ದರು. ಎಲ್ಲರ ಎದುರಿಗೆ "ನಲವತ್ತು ಸಿಗುತ್ತೇನಮ್ಮಾ?" ಅಂದರು. ಅವರ ದನಿ ನನಗೆ ಹಿಡಿಸಲಿಲ್ಲ. "ನಲವತ್ತೇನು, ನಾನೂರು ಬೇಕಾ?" ಅಂದೆ. ಉಳಿದ ಹತ್ತು ದೋಣಿಯವರೂ ನಕ್ಕರು. ಸಾಹೇಬರು ಬರೆದುಕೊಂಡರು.

ಇಲ್ಲಿ ಎಲ್ಲ ಕ್ಷೇಮ. ಭಾವ ಈಗ ಬೆಳಿಗ್ಗೆ ಹತ್ತಕ್ಕೆಲ್ಲ ದೋಣಿ ಕಟ್ಟಿ ಮನೆಗೆ ಬಂದುಬಿಡುತ್ತಾರೆ. ಕೈ ಸುಮ್ಮನಿರದೆ ಬಾಗಿಲ ಕೀಲುಗಳಿಗೆಲ್ಲ ಎಣ್ಣೆ ಬಿಟ್ಟಿದ್ದಾರೆ. ಯಾವ ಬಾಗಿಲೂ ಸದ್ದು ಮಾಡುವುದಿಲ್ಲ, ಒಬ್ಬರಿಗೊಬ್ಬರು ಡಿಕ್ಕಿ ಹೊಡೆದುಕೊಂಡು ಓಡಾಡುತ್ತಿದ್ದೇವೆ. ಮಡಕೆಗಳ ಹಗ್ಗವನ್ನೆಲ್ಲ ಬಿಚ್ಚಿ ಹೊಸದಾಗಿ ಕಟ್ಟಿದ್ದೂ ಆಯಿತು.

ಆ ಸೂಲಗಿತ್ತಿ ಹೆಸರನ್ನು ನೀನೂ ಹಿಡಿದುಕೊಳ್ಳಬೇಡ. ಕೇಳಿ ಕೇಳಿ ಸಾಕಾಗಿದೆ.

ಒಂದೇ ಬಳಗ ಅಂತ ಬರೆ. ನನಗೆ ಗೊತ್ತು ಒಂದೇ ಅಂತ.

ಅಕ್ಕ


ಫೆಬ್ರವರಿ 12

ಅಕ್ಕಾ,

ಪೆಟ್ಟಿಗೆ ಜೋಪಾನವಾಗಿ ಬಂತು. ಒಂದೂ ಒಡೆದಿಲ್ಲ. ಒಂದು ಸಣ್ಣ ವಿಷಯ ಕೇಳಬೇಕಿತ್ತು. ಪ್ರತಿ ಸಲ ಕತ್ತರಿಸಿದ ಮೇಲೆ ಚಾಕು ತೊಳೆದೆಯಾ? ತೊಳೆದು ಒರೆಸಿದೆಯಾ, ಒರೆಸಿದ ಬಟ್ಟೆ ಒಂದೇ ಆಗಿತ್ತಾ? ಒಂದರ ಮಾಂಸ ಇನ್ನೊಂದರ ಸೀಸೆಗೆ ಚೂರು ತಾಗಿದರೂ ಗುರುತುಗಳು ಕಲಸಿಹೋಗುತ್ತವೆ. ನನಗೆ ಬಂದಿರುವ ಅಂಕಿಗಳಲ್ಲಿ ಸ್ವಲ್ಪ ಗೊಂದಲ ಕಾಣುತ್ತಿದೆ. ಹೆಚ್ಚೇನಿಲ್ಲ. ಲ್ಯಾಬಿನಲ್ಲೇ ಆಗಿರಬಹುದು. ಎಲ್ಲವನ್ನೂ ಇನ್ನೊಂದು ಸಲ ಮಾಡುತ್ತೇನೆ.

ನಮೂನೆಯಲ್ಲಿ "ಸೀಸೆಗಳ ಸಂಖ್ಯೆ" ಅನ್ನುವ ಕಡೆ ನಲವತ್ತು ಅಂತ ಬರೆದು, ಪಕ್ಕದಲ್ಲಿ "ಪ್ರಾಣಿಗಳ ಸಂಖ್ಯೆ" ಅನ್ನುವುದನ್ನು ಖಾಲಿ ಬಿಟ್ಟಿದ್ದೀಯ. ಮರೆತಿರಬೇಕು. ಅದೂ ನಲವತ್ತೇ ತಾನೆ, ನಾನೇ ತುಂಬಿದೆ.

ತಮ್ಮ


ಫೆಬ್ರವರಿ 17

ತಮ್ಮನಿಗೆ,

ಹದಿಮೂರನೇ ವಯಸ್ಸಿಗೆ ಚಾಕು ಹಿಡಿದವಳು ನಾನು. ಇವತ್ತಿನವರೆಗೆ ನನ್ನ ಚಾಕುವಿನ ಮೇಲೆ ಯಾರೂ ಮಾತು ಆಡಿಲ್ಲ. ಬಂದರಿನ ಕಟ್ಟೆಯ ಮೇಲೆ ನಾನು ಕೊಯ್ದ ಜಾಗದಲ್ಲಿ ಊಟಕ್ಕೆ ಕೂರಬಹುದು ಅನ್ನುತ್ತಿದ್ದರು. ಈಗ ನನ್ನ ತಮ್ಮ ಬಿಳಿ ಕೋಟು ತೊಟ್ಟುಕೊಂಡು ಬಟ್ಟೆ ಒಂದೇನಾ ಎರಡಾ ಅಂತ ಕೇಳುತ್ತಾನೆ.

ತೊಳೆದೆ. ಸಿಹಿನೀರಲ್ಲಿ ತೊಳೆದು, ನೀನು ಕಳಿಸಿದ ಕಾಗದದ ಚೂರಿನಿಂದಲೇ ಒರೆಸಿದೆ. ಒಂದು ಸೀಸೆಗೆ ಒಂದು ಚೂರು. ನಲವತ್ತು ಚೂರು ಖರ್ಚಾಗಿದೆ, ಬೇಕಾದರೆ ಆ ಕೊಳಕು ಚೂರುಗಳನ್ನೂ ಕಳಿಸುತ್ತೇನೆ.

ನಿಮ್ಮಲ್ಲೇ ಯಾರೋ ಕಲಸಿದ್ದಾರೆ. ಅವರನ್ನು ಕೇಳು. ಸಭೆಗೆ ಇನ್ನು ತಿಂಗಳೂ ಇಲ್ಲ. ಇಲ್ಲಿ ಹನ್ನೊಂದು ಮನೆಯವರು ನಿನ್ನ ವರದಿಯ ದಾರಿ ಕಾಯುತ್ತಿದ್ದಾರೆ.

ಅಕ್ಕ


ಫೆಬ್ರವರಿ 26

ಅಕ್ಕ,

ನೀನು ಹೇಳಿದ ಹಾಗೇ ಮಾಡಿದೆ. ಅವರನ್ನು ಕೇಳಿದೆ.

ಸ್ಪಿರಿಟ್ ತುಂಬುವುದು, ಮಾಂಸದ ಚೂರನ್ನು ಕರಗಿಸುವುದು ನನ್ನ ಪಕ್ಕದ ಮೇಜಿನಾಕೆ. ಹನ್ನೆರಡು ವರ್ಷದಿಂದ ಅದೇ ಕೆಲಸ ಮಾಡುತ್ತಿದ್ದಾರೆ. ನಾನು ಅವರನ್ನು ಎದುರಿಗೆ ಕೇಳದೆ ಮೇಡಂಗೆ ಬರೆದುಕೊಟ್ಟೆ, ಕಲಬೆರಕೆ ಆಗಿದೆ ಅಂತ. ಅವರನ್ನು ಆ ಮೇಜಿನಿಂದ ಎಬ್ಬಿಸಿ ಪಾತ್ರೆ ತೊಳೆಯುವ ಕೋಣೆಗೆ ಹಾಕಿದರು. ಹೋಗುವ ಮುಂಚೆ ಅವರು ನನ್ನ ಹಾಳೆಯನ್ನು ಒಂದು ಸಲ ನೋಡಿದರು. "ನನ್ನ ಕೈಯಿಂದ ಆಗಿದ್ರೆ ಅಲ್ಲೊಂದು ಇಲ್ಲೊಂದು ಆಗ್ತಿತ್ತು. ಇದು ಸಾಲಾಗಿ ನಿಂತಿದೆ, ನೋಡಿ" ಅಂದರು. ಕೋಪವನ್ನೂ ಮಾಡಿಕೊಳ್ಳಲಿಲ್ಲ. ನನಗೆ ನಾಚಿಕೆಯಾಯಿತು.

ಎರಡನೆಯ ಸಲ ಎಲ್ಲವನ್ನೂ ನನ್ನ ಕೈಯಾರೆ ಮಾಡಿದೆ. ಅದೇ ಬಂತು. ಮೊದಲನೆಯ ಸೀಸೆಯಿಂದ ಎಂಟನೆಯದರವರೆಗೆ ಹತ್ತೂ ಗುರುತು ಒಂದೇ. ಒಂಬತ್ತರಿಂದ ಹದಿನಾರು, ಮತ್ತೊಂದು ತರಹ, ಎಂಟಕ್ಕೆ ಎಂಟೂ ಒಂದೇ. ಹದಿನೇಳರಿಂದ ಇಪ್ಪತ್ತನಾಲ್ಕು. ಇಪ್ಪತ್ತೈದರಿಂದ ಮೂವತ್ತೆರಡು. ಮೂವತ್ತಮೂರರಿಂದ ನಲವತ್ತು.

ನಾನು ಎಷ್ಟು ದಡ್ಡ ನೋಡು. ಎರಡು ವಾರ ಯಂತ್ರವನ್ನು ಬೈದೆ, ಆಕೆಯನ್ನು ಬೈದೆ, ನಿನ್ನ ಚಾಕುವನ್ನು ಬೈದೆ. ನಿನ್ನೆ ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುವಾಗ ನನ್ನ ಬಾಯಿ ತಾನಾಗಿಯೇ ಮಗ್ಗಿ ಹೇಳಿತು. ಎಂಟೊಂದ್ಲ ಎಂಟು. ಎಂಟೆರಡ್ಲ ಹದಿನಾರು. ಎಂಟೈದ್ಲಕ್ಕೆ ಬಂದಾಗ ಲೋಟ ಅಲ್ಲೇ ಇಟ್ಟು ಹಾಳೆ ನೋಡಲು ಒಳಗೆ ಓಡಿದೆ.

ಪ್ರಾಣಿಗಳು ಎಷ್ಟು ಅಕ್ಕ? ಖಾಲಿ ಬಿಟ್ಟಿದ್ದು ಮರೆತಲ್ಲ ಅಂತ ಈಗ ಅನ್ನಿಸುತ್ತಿದೆ. ಅದರೊಳಗೆ ನಲವತ್ತು ಬರೆದವನು ನಾನು. ಮೇಡಂ ಕಡತದಲ್ಲಿ ನನ್ನ ಕೈಬರಹ ಇದೆ.

ನೀನೇ ಹೇಳು.

ತಮ್ಮ


ಮಾರ್ಚ್ 2

ಐದು.

ಮುನ್ನೂರು ಮಡಕೆ, ಇಪ್ಪತ್ತೆರಡು ದಿನ, ಐದು. ಒಂದೊಂದೇ ಖಾಲಿ ಮಡಕೆ ಮೇಲೆ ಬರುವಾಗ ಭಾವ ನನ್ನ ಮುಖ ನೋಡುತ್ತಿರಲಿಲ್ಲ, ನಾನು ಅವರ ಮುಖ ನೋಡುತ್ತಿರಲಿಲ್ಲ. ಬೇರೆ ದೋಣಿಯವರನ್ನು ಕೇಳಿದೆ, ಎರಡು ಕೊಡಿ, ಮೂರು ಕೊಡಿ ಅಂತ. "ನಮ್ಮದು ಮಾರುಕಟ್ಟೆಗೆ ಹೋಯ್ತಲ್ಲ, ನೀವೇ ಕೊಡಿ, ಅಧ್ಯಕ್ಷರು" ಅಂದರು. ನನಗೆ ಮಾತ್ರ ಬೀಳುತ್ತಿಲ್ಲ, ಅವರಿಗೆಲ್ಲ ಬೀಳುತ್ತಿದೆ ಅಂದುಕೊಂಡೆ. ನಾನೂರು ಬೇಕಾ ಅಂದ ಬಾಯಿಂದ ಐದು ಅನ್ನಲು ಆಗಲಿಲ್ಲ. ಮಾಂಸ ಮಾಂಸವೇ, ಸೀಸೆಯೊಳಗೆ ಹೋದ ಮೇಲೆ ಯಾವ ಕೈ ಯಾರದು ಅಂತ ಯಾರು ಕೇಳುತ್ತಾರೆ ಅಂದುಕೊಂಡೆ. ನೀನು ಇಷ್ಟು ಚೆನ್ನಾಗಿ ಕಲಿತಿದ್ದೀಯ ಅಂತ ಗೊತ್ತಿರಲಿಲ್ಲ.

ಈಗ ಕೇಳು. ಸ್ಪಿರಿಟ್ ಕೆಟ್ಟಿತ್ತು, ಸೀಸೆಗಳೆಲ್ಲ ಹಾಳಾದವು ಅಂತ ಬರೆದುಬಿಡು. ಆಗ ಅವರ ಕೈಯಲ್ಲಿ ಕೊಲ್ಲಿಯ ಲೆಕ್ಕವೇ ಇರುವುದಿಲ್ಲ. ಲೆಕ್ಕ ಇಲ್ಲದೆ ಮುಚ್ಚಲು ಬರುವುದಿಲ್ಲ ಅಂತ ಸಾಹೇಬರೇ ಹೇಳಿದ್ದಾರೆ. ಒಂದು ವರ್ಷ ಸಿಗುತ್ತದೆ. ಒಂದು ವರ್ಷದಲ್ಲಿ ಕಡಲು ಏನಾದರೂ ಕೊಡುತ್ತದೆ.

ಐದು ಅಂತ ಬರೆದರೆ ಹನ್ನೊಂದು ದೋಣಿ ದಡಕ್ಕೆ ಬೀಳುತ್ತವೆ. ಸುಳ್ಳು ಮಾದರಿ ಕೊಟ್ಟವಳು ಅಂತ ನನ್ನ ಲೈಸೆನ್ಸ್ ಹೋಗುತ್ತದೆ. ನಿನ್ನನ್ನು ಕಾಲೇಜಿಗೆ ಕಳಿಸಿದ್ದು ಯಾವ ಮಡಕೆ, ಯಾವ ಕೈ ಅಂತ ನಾನು ಎತ್ತಿ ಆಡುವವಳಲ್ಲ. ಆಡುವುದೂ ಇಲ್ಲ.

ಅಕ್ಕ


ಮಾರ್ಚ್ 6

ಅಕ್ಕಾ,

ಬರೆದಿದ್ದೇನೆ. "ಕೊಲ್ಲಿಯ ಮಾದರಿಗಳು ಪರೀಕ್ಷೆಗೆ ಯೋಗ್ಯವಾಗಿಲ್ಲ, ಸ್ಪಿರಿಟ್ ದೋಷ." ಎರಡೇ ಸಾಲು. ಸಹಿಯನ್ನೂ ಹಾಕಿದ್ದೇನೆ. ಮೇಜಿನ ಡ್ರಾದಲ್ಲಿದೆ. 12ರಂದು ಮೇಡಂಗೆ ಕೊಡುತ್ತೇನೆ. ನಿನ್ನ ಮಾತನ್ನು ಯಾವತ್ತು ಮೀರಿದ್ದೇನೆ ಹೇಳು.

ಸ್ಪಿರಿಟ್ ತುಂಬಿದ್ದು ಆ ಮೇಜಿನಾಕೆ ಅಂತ ಮೊದಲೇ ಬರೆದಿದ್ದೆ. ಅವರು ಇನ್ನೂ ಪಾತ್ರೆ ತೊಳೆಯುತ್ತಿದ್ದಾರೆ. ಈ ಎರಡು ಸಾಲು ಹೋದ ಮೇಲೆ ಅಲ್ಲೂ ಇರುವುದಿಲ್ಲ. ನಿನಗೆ ಗೊತ್ತಿರಲಿ ಅಂತ ಬರೆದೆ, ಅಷ್ಟೇ. ದಿನಾ ಬೆಳಿಗ್ಗೆ ನನ್ನನ್ನು ಕಂಡಾಗ "ಸರಿಹೋಯ್ತಾ ಸಾರ್?" ಅಂತ ಕೇಳುತ್ತಾರೆ. ಸಹಿ ಹಾಕಿದ ಮೇಲೆ ನಾನು ಹಿಂದಿನ ಬಾಗಿಲಿನಿಂದ ಓಡಾಡುತ್ತಿದ್ದೇನೆ.

ಇನ್ನೊಂದು ಮಾತಿದೆ. ಇದನ್ನು ಯಾರಿಗೂ ಕೊಡುವುದಿಲ್ಲ, ನಿನಗೆ ಮಾತ್ರ. ನಲವತ್ತನ್ನು ಬಿಟ್ಟು ಆ ಐದರ ಗುರುತುಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದೆ. ಮೊದಲ ನಾಲ್ಕೂ ಒಡಹುಟ್ಟಿದವು, ಅಕ್ಕಾ. ಒಂದೇ ತಾಯಿಯ ಮಕ್ಕಳು. ಹತ್ತು ಗುರುತಿನಲ್ಲೂ ಒಂದೇ ತಾಯಿಯ ಪಾಲು ಕಾಣುತ್ತದೆ. ನಮ್ಮ ಕೊಲ್ಲಿಯ ಆಕ್ಟೋಪಸ್ಸಿಗೆ ಆಯುಸ್ಸು ಹೆಚ್ಚೆಂದರೆ ವರ್ಷ, ವರ್ಷದ ಮೇಲೆ ಸ್ವಲ್ಪ. ಇವು ಹೋದ ಬೇಸಿಗೆಯ ಮೊಟ್ಟೆಗಳು. ಹೋದ ಬೇಸಿಗೆ ನೀನು ಕೆಂಪು ಬಟ್ಟೆ ಕಟ್ಟಿ ಇಳಿಸಿದ ಮಡಕೆಯವೇ ಅಂತ ನಾನು ಹೇಳಲಾರೆ, ಅದಕ್ಕೆ ನನ್ನ ಬಳಿ ಆ ತಾಯಿಯ ಗುರುತು ಇಲ್ಲ. ಆದರೆ ಬೇರೆ ಯಾರಾದರೂ ಮೊಟ್ಟೆಯ ಮಡಕೆ ವಾಪಸ್ ಬಿಟ್ಟಿದ್ದನ್ನು ನೀನು ಕಂಡಿದ್ದೀಯಾ? ಅವರು ನಕ್ಕರಲ್ಲ, ನೀನು ಬಿಟ್ಟೆ. ಹೀಗೆ ನೋಡಿದರೆ ಕೊಲ್ಲಿಯಲ್ಲಿ ಇವತ್ತು ಉಳಿದಿರುವುದು ನೀನು ಉಳಿಸಿದ್ದೇ. ಓದಿದಾಗ ನಿನ್ನ ಮೇಲಿದ್ದ ಕೋಪ ಅರ್ಧಕ್ಕೆ ಇಳಿಯಿತು.

ಐದನೆಯದು ಆ ನಾಲ್ಕರ ಬಳಗದ್ದಲ್ಲ. ಅದರ ಗುರುತುಗಳು ಹೊರಗಡಲಿನವಕ್ಕೆ ಹೊಂದುತ್ತವೆ. ಹೆಚ್ಚುಕಡಿಮೆ ಖಂಡಿತ ಹೊರಗಿನಿಂದ ಬಂದದ್ದು. ಎರಡೂ ಬಳಗ ಬೇರೆಯೇ, ಆದರೆ ನಡುವಿನ ಬಾಗಿಲು ಪೂರ್ತಿ ಮುಚ್ಚಿಲ್ಲ. ಯಾವಾಗಲೋ ಒಂದು ದಾಟಿ ಬರುತ್ತದೆ. ಹಾಗೆ ಬಂದದ್ದು ಹೆಣ್ಣಾಗಿದ್ದು, ಒಳಗೆ ಒಂದು ಸಲ ಮೊಟ್ಟೆಯಿಟ್ಟು, ಮೂರು ವರ್ಷ ಯಾರೂ ಮಡಕೆ ಇಳಿಸದಿದ್ದರೆ ಕೊಲ್ಲಿ ಮತ್ತೆ ತುಂಬುತ್ತದೆ. ಇದು ನನ್ನ ಆಸೆಯಲ್ಲ, ಲೆಕ್ಕ. ಆ ಐದನೆಯದು ಹೆಣ್ಣಾಗಿತ್ತಾ? ತುದಿ ಕತ್ತರಿಸಿ ಕಡಲಿಗೇ ಬಿಟ್ಟೆ ತಾನೆ?

ಉತ್ತರ ಬರೆಯದಿದ್ದರೂ ಪರವಾಗಿಲ್ಲ. ಕಾಗದ ಡ್ರಾದಲ್ಲೇ ಇದೆ.

ನಿನ್ನ ತಮ್ಮ


ಮಾರ್ಚ್ 10

ತಮ್ಮಾ,

ಇದನ್ನು ವ್ಯಾನಿನವನ ಕೈಗೇ ಕೊಟ್ಟು, ನಾಳೆ ಸಂಜೆಯೊಳಗೆ ನಿನ್ನ ಕೈಗೇ ಮುಟ್ಟಿಸಬೇಕು ಅಂತ ಆಣೆ ಹಾಕಿಸಿದ್ದೇನೆ.

ಡ್ರಾದಲ್ಲಿರುವ ಕಾಗದ ಹರಿದುಹಾಕು. ಆ ಮೇಜಿನಾಕೆಯನ್ನು ಹುಡುಕಿಕೊಂಡು ಹೋಗಿ, ನಮ್ಮ ಅಕ್ಕನಿಂದ ಆದದ್ದು ಅಂತ ಹೇಳು. ಮೇಡಂ ಎದುರಿಗೇ ಹೇಳು. ನಿನ್ನ ಕೆಲಸಕ್ಕೆ ಕುತ್ತು ಬಂದರೆ ಬರಲಿ. ನಾನು ಬೇಡಿದ್ದು ತಪ್ಪು. ನೀನು ಸಹಿ ಹಾಕಿದ್ದೂ ತಪ್ಪು. ನಿನ್ನ ಮಾತು ಯಾವತ್ತು ಮೀರಿದ್ದೇನೆ ಅಂತ ಕೇಳುತ್ತೀಯಲ್ಲ, ಇದೊಂದರಲ್ಲಿ ಮೀರಬೇಕಿತ್ತು.

ನಿನ್ನ ಕಾಗದ ಬಂದಾಗ ಭಾವ ಗಟ್ಟಿಯಾಗಿ ಓದುತ್ತಿದ್ದರು, ನಾನು ಹಗ್ಗ ಸುತ್ತುತ್ತಿದ್ದೆ. ಒಡಹುಟ್ಟಿದವು ಅನ್ನುವ ಕಡೆ ಅವರು ನಕ್ಕು, "ನೋಡಿದ್ಯಾ ಸೂಲಗಿತ್ತಿ" ಅಂದರು. ಐದನೆಯದಕ್ಕೆ ಬಂದಾಗ ಓದುವುದನ್ನು ನಿಲ್ಲಿಸಿದರು. ಕಾಗದವನ್ನು ನನ್ನ ಮಡಿಲಲ್ಲಿಟ್ಟು ಎದ್ದು ಹೋದರು. ಎಣ್ಣೆ ಹಾಕಿದ ಬಾಗಿಲು, ಹೋದದ್ದೂ ಗೊತ್ತಾಗಲಿಲ್ಲ.

ಐದನೆಯದು ಹೆಣ್ಣು. ಜನವರಿ 27. ಆ ಹೊತ್ತಿಗೆ ಮೂವತ್ತೆರಡು ತುಂಬಿತ್ತು, ಎಂಟು ಬಾಕಿ. ಬಂಡೆ ಸಾಲಿನ ಕೊನೆಯ ಮಡಕೆ ಭಾರವಾಗಿ ಬಂತು. ಬಗ್ಗಿ ನೋಡಿದರೆ ಒಳಗೋಡೆಯಿಂದ ಮೊಟ್ಟೆಗಳು ಗೊಂಚಲು ಗೊಂಚಲಾಗಿ ಇಳಿಬಿದ್ದಿದ್ದವು, ಅವಳು ಅಡ್ಡ ಕೂತಿದ್ದಳು. ಭಾವ ಕೆಂಪು ಬಟ್ಟೆ ತೆಗೆದುಕೊಟ್ಟರು. ನಾನು ಉಪ್ಪಿನ ಡಬ್ಬಿ ಕೇಳಿದೆ.

ಬೇರೆಯವು ಉಪ್ಪು ಬಿದ್ದ ಕೂಡಲೇ ಮಡಕೆ ಬಿಡುತ್ತವೆ, ಮೊಟ್ಟೆ ಕಾಯುವವಳು ಉಪ್ಪಿಗೂ ಬೇಗ ಹೊರಗೆ ಬರುವುದಿಲ್ಲ. ಮೂರು ಸಲ ಹಾಕಬೇಕಾಯಿತು. ಎಂಟು ತುದಿ ಕತ್ತರಿಸಿ ಮತ್ತೆ ಮಡಕೆಯ ಬಾಯಿಗೆ ಹಿಡಿದೆ. ಒಳಗೆಲ್ಲ ಉಪ್ಪು, ಹೋಗಲಿಲ್ಲ. ಜಾರಿ ನೀರಿಗೆ ಬಿದ್ದು ಮುಳುಗಿದಳು. ಮಡಕೆಯನ್ನು ಹಾಗೇ ಮನೆಗೆ ತಂದು ಹಿಂದಿನ ಜಗುಲಿಯಲ್ಲಿ ಬೋರಲು ಹಾಕಿದೆ. ಅವತ್ತಿನಿಂದ ಭಾವ ಆ ಜಗುಲಿಯ ಬಾಗಿಲನ್ನು ತೆಗೆದಿಲ್ಲ. ನಿನಗೆ ಎಲ್ಲ ಕ್ಷೇಮ ಅಂತ ಬರೆದದ್ದು ಅದರ ಮೂರನೆಯ ದಿನ.

ನಿನ್ನೆ ಬೆಳಿಗ್ಗೆ ಸಂಘದ ಶೆಡ್ಡಿಗೆ ಎಲ್ಲರನ್ನೂ ಕರೆದೆ. ಮಡಕೆಯನ್ನು ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ ಅಂದುಕೊಂಡು ನಿಂತಿದ್ದೆ. ಆದರೆ ಹಸಿರು ದೋಣಿಯಾತ, ಸಾಹೇಬರು ಬಂದ ದಿನ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವನು, "ನನಗೆ ನವೆಂಬರಿಂದ ಒಂದೂ ಬಿದ್ದಿಲ್ಲ. ನಿಮಗಾದ್ರೂ ಬೀಳ್ತಿದೆಯಲ್ಲ ಅಂತ ಬಾಯಿ ಮುಚ್ಕೊಂಡಿದ್ದೆ" ಅಂದ. ಅವನ ಹಿಂದೆ ಒಬ್ಬೊಬ್ಬರೇ ಹೇಳಿದರು. ಒಬ್ಬರಿಗೆ ಡಿಸೆಂಬರಿಂದ, ಒಬ್ಬರಿಗೆ ಹೊಸ ವರ್ಷದಿಂದ. ದಿನಾ ದೋಣಿ ಬಿಟ್ಟು, ದಿನಾ ಖಾಲಿ ಬಂದು, ಮಾರುಕಟ್ಟೆಗೆ ಹೋಯ್ತು ಅಂತ ಒಬ್ಬರಿಗೊಬ್ಬರು ಹೇಳಿಕೊಂಡು ತಿರುಗಿದ್ದೇವೆ.

ಮಧ್ಯಾಹ್ನ ಇಲಾಖೆಗೆ ಹೋದೆ. ಸಾಹೇಬರು ಎಲ್ಲ ಕೇಳಿ, "ಲೈಸೆನ್ಸ್ ರದ್ದಾಗುತ್ತೆ, ಗೊತ್ತಲ್ಲಮ್ಮಾ?" ಅಂದರು. ಗೊತ್ತು ಅಂದೆ. ಕಾರ್ಡನ್ನು ಮೇಜಿನ ಮೇಲಿಟ್ಟೆ. "ಕೊಲ್ಲಿ ಮುಚ್ಚಿ ಅಂತ ಸಂಘದಿಂದಲೇ ಅರ್ಜಿ ಕೊಡ್ತೀವಿ, ಹನ್ನೊಂದೂ ಸಹಿ ಇದೆ" ಅಂದೆ. ಅವರು ಮೊದಲ ಸಲ ನನಗೆ ಕುರ್ಚಿ ತೋರಿಸಿದರು. ನಾನು ಕೂರಲಿಲ್ಲ, ಕೂತಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದೆ.

ಕೊಲ್ಲಿ ನಾನು ಉಳಿಸಿದ್ದು ಅಂತ ಬರೆದಿದ್ದೀಯ. ಆ ಸಾಲನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಅದರ ಕೆಳಗೇ ಐದನೆಯದರ ಸಾಲಿದೆ, ಅದನ್ನೂ ಅಷ್ಟೇ ಸಲ ಓದಿದೆ.

ಹೊಸ ನಮೂನೆಯನ್ನು ಇಲಾಖೆಯಲ್ಲೇ ಕೇಳಿ ತಂದು ತುಂಬಿದ್ದೇನೆ, ಇದರ ಜೊತೆ ಇದೆ. ನಿನ್ನ ಕೈಬರಹದ ಮೇಲೆ ಇದನ್ನಿಡು. ಕಡತದಲ್ಲಿ ನನ್ನದೇ ಇರಲಿ.

ಅಕ್ಕ


ಮಾದರಿ ಸಂಗ್ರಹಣಾ ನಮೂನೆ

ಸ್ಥಳ: ಕೊಲ್ಲಿ
ಸೀಸೆಗಳ ಸಂಖ್ಯೆ: ನಲವತ್ತು
ಪ್ರಾಣಿಗಳ ಸಂಖ್ಯೆ: ಐದು
ಷರಾ: ಐದನೆಯದರ ಮಡಕೆಯಲ್ಲಿ ಮೊಟ್ಟೆಗಳಿದ್ದವು. ಗೊತ್ತಿದ್ದೇ ತೆಗೆದೆ.